ಕರಿ ಹರಿದದ್ದು ಯಾವ ಬಣ್ಣ?

ಕಾರ ಹುಣ್ಣಿಮೆಯ ಸಂಜೆ ವಿಜಯಪುರ ಜಿಲ್ಲೆಯ ಊರುಗಳಲ್ಲಿ ಅಗಸಿಗೆ ಅಡ್ಡಲಾಗಿ ಬೇವಿನ ತೊಪ್ಪಲಿನ ಹಗ್ಗ ಕಟ್ಟುತ್ತಾರೆ, ಅದೇ ‘ಕರಿ’. ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿದ ಎತ್ತುಗಳನ್ನು ಅದರತ್ತ ಓಡಿಸುತ್ತಾರೆ. ಮೊದಲು ಬಂದು ಕರಿ ಹರಿದ ಎತ್ತಿನ ಬಣ್ಣವೇ ಆ ವರ್ಷದ ಬೆಳೆಯ ಸೂಚನೆ: ಬಿಳಿ ಎತ್ತಾದರೆ ಹಿಂಗಾರಿ ಹುಲುಸು, ಕಂದು ಎತ್ತಾದರೆ ಮುಂಗಾರಿ ಚಲೋ. ಯಾವ ಬಣ್ಣ ಹೆಚ್ಚು ಓಡುತ್ತದೆ ಎಂಬ ಪ್ರಶ್ನೆ ಈ ನೆಲಕ್ಕೆ ಹಳೆಯದು. ಅದೇ ಪ್ರಶ್ನೆ ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರಸ್ತೆಗಳಲ್ಲಿ ಗಾಲಿ ಮೇಲೆ ಉರುಳುತ್ತಿದೆ. ಕೆಂಪು ಟ್ರ್ಯಾಕ್ಟರ್ ಮುಂದೋ, ನೀಲಿಯೋ, ಹಸಿರೋ? ಕಾರಿನ ಹುಚ್ಚು ಹಿಡಿದವರಂತೂ ಲೋಕದ ಎಲ್ಲ ಕಡೆ ಕೆಂಪಿನ ಪರ. ತಮಾಷೆಯ ವಾದವೆಂದು ಇದನ್ನು ತಳ್ಳಿಹಾಕಬೇಕಿಲ್ಲ. ಅಳತೆ ಅಂದರೇನು, ಕಣ್ಣು ಎಷ್ಟು ನಂಬಿಕೆಗೆ ಅರ್ಹ ಎಂಬ ಎರಡು ದೊಡ್ಡ ವಿಷಯಗಳು ಇದರೊಳಗೆ ಅಡಗಿವೆ.

ಮೊದಲು ಎಣಿಕೆಯನ್ನೇ ನೋಡೋಣ. ಈ ಭಾಗದ ಹೆಮ್ಮೆಯ ಓಟದ ತಳಿ ಖಿಲಾರಿ, ಅದರ ಬಣ್ಣ ಬಹುಮಟ್ಟಿಗೆ ಬಿಳಿ. ಹತ್ತು ಎತ್ತು ಓಡಿದವು, ಎಂಟು ಬಿಳಿ, ಎರಡು ಕಂದು ಎಂದಿಟ್ಟುಕೊಳ್ಳಿ. ಹತ್ತಕ್ಕೂ ಒಂದೇ ಕಸುವಿದ್ದರೂ ಹತ್ತು ವರ್ಷದಲ್ಲಿ ಸರಾಸರಿ ಎಂಟು ಸಲ ಬಿಳಿಯೇ ಕರಿ ಹರಿಯುತ್ತದೆ. ಗೆದ್ದವುಗಳ ಬಣ್ಣವನ್ನಷ್ಟೇ ಲೆಕ್ಕ ಹಿಡಿದು, ಓಡಿದವುಗಳ ಬಣ್ಣವನ್ನು ಬಿಟ್ಟರೆ ಲೆಕ್ಕ ದಾರಿ ತಪ್ಪುವುದು ಹೀಗೆ. ಕೆಂಪು ಕಾರಿನ ಕೀರ್ತಿಯೂ ಹೀಗೇ ಹುಟ್ಟಿದ್ದು. ಮೋಟಾರು ರೇಸಿನ ಮೊದಲ ದಶಕಗಳಲ್ಲಿ ಬಣ್ಣ ದೇಶದ ಗುರುತಾಗಿತ್ತು: ಇಟಲಿಗೆ ಕೆಂಪು, ಫ್ರಾನ್ಸಿಗೆ ನೀಲಿ, ಬ್ರಿಟನ್ನಿಗೆ ಹಸಿರು. 1950ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ ಶುರುವಾದಾಗ ಮೊದಲ ನಾಲ್ಕು ಪಟ್ಟವೂ ಇಟಲಿಯ ಆಲ್ಫಾ ರೋಮಿಯೋ ಮತ್ತು ಫೆರಾರಿ ಕಾರುಗಳಿಗೆ ಹೋಯಿತು. ಗೆದ್ದದ್ದು ಇಟಲಿಯ ಎಂಜಿನ್, ಹೆಸರು ಬಂದದ್ದು ಕೆಂಪಿಗೆ. ನೆಲದ ಮೇಲಿನ ವೇಗದ ದಾಖಲೆಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. 1970ರಲ್ಲಿ ಗಂಟೆಗೆ 1000 ಕಿ.ಮೀ. ದಾಟಿದ ಬ್ಲೂ ಫ್ಲೇಮ್ ನೀಲಿ, 1983ರಲ್ಲಿ ಅದನ್ನು ಮೀರಿಸಿದ ಥ್ರಸ್ಟ್–2 ಬಂಗಾರದ ಬಣ್ಣದ್ದು, 1997ರಲ್ಲಿ ಗಂಟೆಗೆ 1227 ಕಿ.ಮೀ. ಮುಟ್ಟಿ ಧ್ವನಿಯ ವೇಗವನ್ನೇ ದಾಟಿದ ಥ್ರಸ್ಟ್ ಎಸ್‌ಎಸ್‌ಸಿ ಕಪ್ಪು. ಕೆಂಪಿನ ಸುಳಿವೇ ಇಲ್ಲ.

ಇನ್ನು ಟ್ರ್ಯಾಕ್ಟರ್. ಡೀಸೆಲ್ ಪಂಪಿನ ಗವರ್ನರ್ ಎಂಜಿನ್ನಿನ ಸುತ್ತುಗಳಿಗೆ ಒಂದು ಮಿತಿ ಹಾಕಿರುತ್ತದೆ. ನಿಮಿಷಕ್ಕೆ 2000 ಸುತ್ತು ಎಂದುಕೊಳ್ಳೋಣ. ಟಾಪ್ ಗೇರಿನಲ್ಲಿ ಎಂಜಿನ್ 16 ಸುತ್ತು ಹಾಕಿದರೆ ಹಿಂದಿನ ಗಾಲಿ ಒಂದು ಸುತ್ತು, ಅಂದರೆ ನಿಮಿಷಕ್ಕೆ 125. ಗಾಲಿಯ ಸುತ್ತಳತೆ 4.2 ಮೀಟರ್ ಆದರೆ ಗಾಡಿ ನಿಮಿಷಕ್ಕೆ 525 ಮೀಟರ್ ಸಾಗುತ್ತದೆ, ಗಂಟೆಗೆ 31.5 ಕಿ.ಮೀ. ಅದೇ ಕಂಪನಿಯ, ಅದೇ ಬಣ್ಣದ ಇನ್ನೊಂದು ಗಾಡಿಯ ಟೈರಿನ ಗ್ರಿಪ್ ಮೂರು ಸೆಂಟಿಮೀಟರ್ ಸವೆದಿದೆ ಎನ್ನಿ. ಸುತ್ತಳತೆ ಸುಮಾರು 4 ಮೀಟರಿಗೆ ಇಳಿಯಿತು. ಮೊದಲನೆಯದು ಒಂದು ಕಿಲೋಮೀಟರ್ ಮುಗಿಸುವಾಗ ಇದು ಸುಮಾರು 45 ಮೀಟರ್ ಹಿಂದೆ ಇರುತ್ತದೆ. ಯಾವ ಬಣ್ಣ ಗೆದ್ದಿತು ಎಂದು ಕೂಗುವ ಮೊದಲು ಬಗ್ಗಿ ಟೈರು ನೋಡಬೇಕಾದ್ದು ಇದಕ್ಕೇ. ಇಷ್ಟಕ್ಕೂ ಕೆಂಪು, ನೀಲಿ, ಹಸಿರು ಮೂರೂ ಓಡುವುದು ಕಪ್ಪು ಟೈರಿನ ಮೇಲೆ. ಆ ಕಪ್ಪು ರಬ್ಬರಿಗೆ ಬೆರೆಸಿದ ಇಂಗಾಲದ ಪುಡಿಯದು, ಸವೆತ ತಡೆಯುವ ಗಟ್ಟಿತನ ಬರುವುದು ಅದರಿಂದಲೇ.

ಬಣ್ಣಕ್ಕೂ ತೂಕವಿಲ್ಲವೇ ಎಂದು ಕೇಳಬಹುದು. ಇದೆ. 2023ರಲ್ಲಿ ಮರ್ಸಿಡಿಸ್ ತಂಡ ತೂಕ ಉಳಿಸಲೆಂದೇ ತನ್ನ ಫಾರ್ಮುಲಾ ಒನ್ ಕಾರಿನ ಬಹುಭಾಗಕ್ಕೆ ಬಣ್ಣ ಹಚ್ಚದೆ ಕಪ್ಪು ಕಾರ್ಬನ್ ಮೈಯನ್ನೇ ಬಿಟ್ಟಿತು. ಆದರೆ ಅಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಬೆಲೆ. ನಮ್ಮ ರಸ್ತೆಯ ಕಾರಿನ ಮೈ ಸುಮಾರು 20 ಚದರ ಮೀಟರ್, ಬಣ್ಣದ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ. ಇಡೀ ಬಣ್ಣದ ತೂಕವೇ ಮೂರು ಕಿಲೋ ಆಸುಪಾಸು. ಬಿಳಿಗೂ ಕಪ್ಪಿಗೂ ಇರುವ ಅಂತರ ಅದರ ಒಂದು ಚೂರು. ಟ್ಯಾಂಕಿನಲ್ಲಿ ಒಂದು ಲೀಟರ್ ಪೆಟ್ರೋಲ್ ಹೆಚ್ಚು ಕಡಿಮೆಯಾದರೆ ಆ ಅಂತರ ಮುಚ್ಚಿಹೋಗುತ್ತದೆ.

ಬಿಸಿಲಿನ ವಾದ ಇದಕ್ಕಿಂತ ಗಟ್ಟಿಯಾದದ್ದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆಯಲ್ಲಿ ಕಪ್ಪು ಕಾರು ಕಾಯುವಷ್ಟು ಬಿಳಿ ಕಾರು ಕಾಯುವುದಿಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಲಲ್ಲಿ ನಿಲ್ಲಿಸಿದ ಬೆಳ್ಳಿ ಬಣ್ಣದ ಕಾರಿನ ಒಳಗೆ ಕಪ್ಪು ಕಾರಿಗಿಂತ 5–6 ಡಿಗ್ರಿ ತಂಪಿತ್ತು. ಅಷ್ಟರಮಟ್ಟಿಗೆ ಎಸಿಯ ಹೊರೆ ಇಳಿದು ಇಂಧನ ಶೇ 2ರಷ್ಟು ಉಳಿಯಬಹುದೆಂದು ಅವರ ಲೆಕ್ಕ. ಇದು ಜೇಬಿಗೆ ಬರುವ ಲಾಭ, ವೇಗವಲ್ಲ. ವೇಗಕ್ಕೂ ಬಣ್ಣಕ್ಕೂ ನಿಜವಾದ ನಂಟು ಕಾಣಬೇಕಾದರೆ ಆಕಾಶಕ್ಕೆ ಹೋಗಬೇಕು. ಕಾಂಕಾರ್ಡ್ ವಿಮಾನ ಗಾಳಿಯ ತಿಕ್ಕಾಟಕ್ಕೆ ಕಾಯುತ್ತಿತ್ತು, ಬಿಸಿಲಿನ ಕಾವೂ ಸೇರಬಾರದೆಂದು ಬಿಳಿ ಹಚ್ಚಿದ್ದರು. 1996ರಲ್ಲಿ ಪೆಪ್ಸಿ ಜಾಹೀರಾತಿಗಾಗಿ ಒಂದಕ್ಕೆ ನೀಲಿ ಬಳಿದಾಗ, ಧ್ವನಿಯ ಎರಡರಷ್ಟು ವೇಗದಲ್ಲಿ 20 ನಿಮಿಷಕ್ಕಿಂತ ಹೆಚ್ಚು ಹಾರಬಾರದೆಂಬ ಕಟ್ಟಳೆ ಬಂತು. ಮೂರು ಪಟ್ಟು ವೇಗದ ಎಸ್‌ಆರ್–71 ವಿಮಾನಕ್ಕೆ ಮಾತ್ರ ಕಪ್ಪೇ ಬೇಕಾಯಿತು. ಮೈ ಅಷ್ಟು ಕಾದಾಗ ಕಾವನ್ನು ಬೇಗ ಹೊರಚೆಲ್ಲುವುದು ಕಪ್ಪು. ಸಿಂದಗಿ ರಸ್ತೆಯ ವೇಗಕ್ಕೆ ಈ ಭೌತಶಾಸ್ತ್ರ ಅನ್ವಯವಾಗದು.

ಹಾಗಾದರೆ ಕಣ್ಣಿಗೆ ಕಂಡದ್ದು ಸುಳ್ಳೇ? ಕಣ್ಣು ಒಂದು ಅಳತೆಯ ಸಾಧನ, ಅದಕ್ಕೂ ತನ್ನದೇ ದೋಷವಿದೆ. ಹಿನ್ನೆಲೆಯಿಂದ ಎದ್ದು ಕಾಣುವ ವಸ್ತು ವೇಗವಾಗಿ, ಹಿನ್ನೆಲೆಯಲ್ಲಿ ಕರಗುವ ವಸ್ತು ನಿಧಾನವಾಗಿ ಹೋಗುತ್ತಿದೆ ಎಂದು ನಮ್ಮ ಮಿದುಳು ಎಣಿಸುತ್ತದೆ. ಮಂಜನ್ನು ಕೃತಕವಾಗಿ ಸೃಷ್ಟಿಸಿದ ಒಂದು ಪ್ರಯೋಗ 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು: ಮಂಜು ದಟ್ಟವಾದಷ್ಟೂ ಚಾಲಕರಿಗೆ ತಾವು ನಿಧಾನ ಹೋಗುತ್ತಿದ್ದೇವೆ ಅನ್ನಿಸಿ, ತಿಳಿಯದೆಯೇ ವೇಗ ಹೆಚ್ಚಿಸಿದರು. ಎರಿ ಭೂಮಿಯ ಕಪ್ಪಿನ ಮೇಲೆ ಬಿಳಿ ಖಿಲಾರಿ, ಹಸಿರು ಕಬ್ಬಿನ ಪಕ್ಕದಲ್ಲಿ ಕೆಂಪು ಟ್ರ್ಯಾಕ್ಟರ್ ಮಿಂಚಿನಂತೆ ಕಾಣುವುದರಲ್ಲಿ ಇದರ ಪಾಲಿದೆ. ಮಣ್ಣಿನ ಬಣ್ಣದ ಕಂದು ಎತ್ತು ಅಷ್ಟೇ ಓಡಿದರೂ ನೋಡುವವರ ಕಣ್ಣಲ್ಲಿ ಹಿಂದೆ ಬೀಳುತ್ತದೆ. ಕರಿಯ ಹಗ್ಗದ ದೊಡ್ಡತನ ಇಲ್ಲಿದೆ: ಅದು ಕಣ್ಣನ್ನು ಕೇಳುವುದಿಲ್ಲ, ಮೊದಲು ತಾಗಿದ ಎತ್ತಿಗೆ ಹರಿಯುತ್ತದೆ.

ಸಂಜೆಯಾದರೆ ಇದೇ ಕೆಂಪು ಕೈಕೊಡುತ್ತದೆ. ಮಬ್ಬು ಬೆಳಕಿನಲ್ಲಿ ಕಣ್ಣಿನ ಬೇರೆ ಬಗೆಯ ಕೋಶಗಳು ಕೆಲಸಕ್ಕೆ ಇಳಿಯುತ್ತವೆ, ಅವಕ್ಕೆ ಕೆಂಪು ಬಹುತೇಕ ಕಾಣುವುದೇ ಇಲ್ಲ. ನೀಲಿ, ಹಸಿರು ಇನ್ನೂ ತಿಳಿಯಾಗಿರುವಾಗಲೇ ಕೆಂಪು ಕಪ್ಪಾಗುತ್ತದೆ. ಪರ್ಕಿಂಜೆ ಎಂಬ ವಿಜ್ಞಾನಿ ಇದನ್ನು ಎರಡು ನೂರು ವರ್ಷದ ಹಿಂದೆಯೇ ಗುರುತಿಸಿದ್ದ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ 2007ರ ಅಧ್ಯಯನದಲ್ಲಿ ಬಿಳಿ ಕಾರಿಗಿಂತ ಕಪ್ಪು ಕಾರಿಗೆ ಅಪಘಾತದ ಸಂಭವ ಹಗಲಲ್ಲಿ ಶೇ 12, ನಸುಕು–ಮುಸ್ಸಂಜೆಯಲ್ಲಿ ಶೇ 47ರವರೆಗೆ ಹೆಚ್ಚು ಕಂಡಿತ್ತು. ಕಬ್ಬು ಕಡಿಯುವ ತಿಂಗಳುಗಳಲ್ಲಿ ಇಂಡಿ ತಾಲ್ಲೂಕಿನ ಮರಗೂರಿನ ಸಕ್ಕರೆ ಕಾರ್ಖಾನೆಯ ಕಡೆ ಎರಡೆರಡು ಟ್ರೇಲರ್ ಎಳೆಯುವ ಗಾಡಿಯನ್ನು ಮುಸ್ಸಂಜೆಯಲ್ಲಿ ನೆನೆಯಿರಿ. ಗಾಡಿಯ ವೇಗ ಗಂಟೆಗೆ 15 ಕಿ.ಮೀ., ಹಿಂದಿನ ಬೈಕಿನದು 60. ಅಂತರ ಸೆಕೆಂಡಿಗೆ ಹನ್ನೆರಡೂವರೆ ಮೀಟರ್ ಕುಗ್ಗುತ್ತದೆ. ಕಬ್ಬಿನ ಸೋಗೆ ಹಿಂದಿನ ದೀಪ ಮುಚ್ಚಿ, ಟ್ರೇಲರ್ 50 ಮೀಟರಿನಲ್ಲಿ ಕಂಡರೆ ಬೈಕಿನವನಿಗೆ ಉಳಿಯುವುದು ನಾಲ್ಕು ಸೆಕೆಂಡು. ಸೋಗೆ ಮುಚ್ಚದಷ್ಟು ಕೆಳಗೆ ಅಂಟಿಸಿ, ಕೆಸರು ಒರೆಸಿಟ್ಟ ರೇಡಿಯಂ ಪಟ್ಟಿ 150 ಮೀಟರಿನಿಂದಲೇ ಹೊಳೆದರೆ ಹನ್ನೆರಡು.