ಸೌಂಡ್‌ಬಾರೋ, ರಿಸೀವರೋ? ಮನೆಯ ಮಾಡು ನೋಡಿ ಕೊಳ್ಳಿ

ಟಿವಿ ತೆಳ್ಳಗಾದಷ್ಟೂ ಅದರ ದನಿಯೂ ಸೊರಗಿತು. ಬೆರಳು ದಪ್ಪದ ಪರದೆಯೊಳಗೆ ಒಳ್ಳೆಯ ಸ್ಪೀಕರ್ ಕೂರಲು ಜಾಗವೆಲ್ಲಿ? ಇರುವ ಪುಟ್ಟ ಸ್ಪೀಕರ್‌ಗಳೂ ನೆಲಕ್ಕೋ ಗೋಡೆಗೋ ಮುಖ ಮಾಡಿರುತ್ತವೆ. ಹೊಡೆದಾಟದ ಸದ್ದು ಕಿವಿಗೆ ರಾಚುತ್ತದೆ, ಮಾತು ಮಾತ್ರ ಗುಸುಗುಸು. ಮನೆಯ ಹಿರಿಯರು ರಿಮೋಟ್ ಹಿಡಿದು ವಾಲ್ಯೂಮ್ ಏರಿಸುತ್ತ, ಇಳಿಸುತ್ತ ಸಿನಿಮಾ ಮುಗಿಸುತ್ತಾರೆ.

ಅಂಗಡಿಗೆ ಹೋದರೆ ಮೊದಲು ತೋರಿಸುವುದು ಸೌಂಡ್‌ಬಾರನ್ನೇ. ಟಿವಿಯ ಹಿಂದೆ ‘ಆರ್ಕ್’ ಎಂದು ಬರೆದ ಎಚ್‌ಡಿಎಂಐ ಕಿಂಡಿಗೆ ಒಂದು ಕೇಬಲ್ ಸಿಕ್ಕಿಸಿದರೆ ಕೆಲಸ ಮುಗಿಯಿತು. ಬಾಡಿಗೆ ಮನೆಯಲ್ಲಿ, ಮಕ್ಕಳು ಓಡಾಡುವ ಸಣ್ಣ ಹಾಲ್‌ನಲ್ಲಿ, ಗೋಡೆಗೆ ಮೊಳೆ ಹೊಡೆದರೆ ಮಾಲೀಕರು ಮುನಿಸಿಕೊಳ್ಳುವ ಕಡೆ ಇದೇ ಸರಿ. ಕೊಳ್ಳುವಾಗ ಮಾತಿಗೆಂದೇ ನಡುವೆ ಪ್ರತ್ಯೇಕ ಸ್ಪೀಕರ್ ಇದೆಯೇ ಎಂದು ಕೇಳಿ. ಸಿನಿಮಾದ 5.1 ಧ್ವನಿಯಲ್ಲಿ ಸಂಭಾಷಣೆ ಬಹುಪಾಲು ಬರುವುದು ಆ ಸೆಂಟರ್ ಚಾನೆಲ್‌ನಿಂದ. ಡಬ್ಬದ ಮೇಲೆ 2.1 ಎಂದಿದ್ದರೆ ಅದಿಲ್ಲ, 3.1 ಎಂದಿದ್ದರೆ ಇದೆ. ದಪ್ಪಕ್ಷರದ ವ್ಯಾಟ್ ಲೆಕ್ಕಕ್ಕಿಂತ ಈ ಅಂಕಿ ಮುಖ್ಯ.

ನನ್ನ ತಕರಾರಿರುವುದು ದುಬಾರಿ ಸೌಂಡ್‌ಬಾರ್‌ಗಳ ಬಗ್ಗೆ. ಡಾಲ್ಬಿ ಅಟ್ಮಾಸ್ 2012ರಲ್ಲಿ ಚಿತ್ರಮಂದಿರಕ್ಕೆ ಬಂತು, 2014ರಲ್ಲಿ ಮನೆಗೂ ಬಂತು. ತಲೆಯ ಮೇಲಿನಿಂದ ಸದ್ದು ಕೇಳಿಸುವುದೇ ಅದರ ಸೊಗಸು. ಸೌಂಡ್‌ಬಾರ್ ಇದನ್ನು ಸಾಧಿಸುವುದು ಮೇಲ್ಮುಖ ಸ್ಪೀಕರ್‌ನಿಂದ: ಸದ್ದು ಸೂರಿಗೆ ಬಡಿದು ಕೆಳಗಿಳಿಯಬೇಕು. ಅದಕ್ಕೆ ಸಮತಟ್ಟಾದ, ಗಟ್ಟಿಯಾದ, ತೀರಾ ಎತ್ತರವಲ್ಲದ ಸೂರು ಬೇಕು. ಮಲೆನಾಡು, ಕರಾವಳಿಯ ಹೆಂಚಿನ ಮನೆಗಳ ಇಳಿಜಾರು ಮಾಡಿಗೆ ಬಡಿದ ಸದ್ದು ಕೂತವರ ಕಡೆ ಬರುವುದಿಲ್ಲ, ಎತ್ತಲೋ ಚದುರಿಹೋಗುತ್ತದೆ. ಅಂಥ ಮನೆಯವರು ಅಟ್ಮಾಸ್ ಎಂಬ ಚೀಟಿ ನೋಡಿ ಹೆಚ್ಚಿನ ದುಡ್ಡು ಸುರಿಯುವುದು ನನಗೆ ಒಪ್ಪಿತವಲ್ಲ.

ಅಷ್ಟು ಖರ್ಚು ಮಾಡಲು ಸಿದ್ಧರಿದ್ದರೆ ರಿಸೀವರ್ ತಗೊಳ್ಳಿ. ಆಂಪ್ಲಿಫೈಯರ್, ಡಿಕೋಡರ್, ನಾಲ್ಕಾರು ಎಚ್‌ಡಿಎಂಐ ಕಿಂಡಿಗಳು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಸ್ಪೀಕರ್ ಆಯ್ಕೆ ನಮ್ಮದು. 5.1ರ ಐದು ಸ್ಪೀಕರ್‌ಗಳನ್ನೂ ಒಟ್ಟಿಗೆ ಕೊಳ್ಳಬೇಕಿಲ್ಲ. ಎರಡು ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್‌ಗಳಿಂದ ಶುರು ಮಾಡಿ, ಸೆಂಟರ್ ಇಲ್ಲವೆಂದು ಮೆನುವಿನಲ್ಲಿ ತಿಳಿಸಿದರೆ ರಿಸೀವರ್ ಆ ಮಾತನ್ನೂ ಎರಡಕ್ಕೇ ಹಂಚುತ್ತದೆ. ಕೈಯಲ್ಲಿ ಕಾಸು ಆಡಿದಾಗ ಸೆಂಟರ್, ಆಮೇಲೆ ಸಬ್‌ವೂಫರ್.

ಸಂಗೀತ ಕೇಳುವವರಿಗಂತೂ ಇದರ ಸುಖವೇ ಬೇರೆ. ಕೂರುವ ಜಾಗದಿಂದ ಎಡಕ್ಕೆ 30 ಡಿಗ್ರಿ, ಬಲಕ್ಕೆ 30 ಡಿಗ್ರಿಯಲ್ಲಿ ಸ್ಪೀಕರ್ ಇಟ್ಟು, ಎರಡನ್ನೂ ಕಿವಿಯ ಎತ್ತರಕ್ಕೆ ತಂದು, ಒಳ್ಳೆಯ ಸ್ಟೀರಿಯೊ ಕಛೇರಿ ಹಾಕಿ. ಸ್ಪೀಕರೇ ಇಲ್ಲದ ನಟ್ಟನಡುವೆ ಗಾಯಕರು ಕೂತಂತೆ ಕೇಳಿಸುತ್ತದೆ. ಪಿಟೀಲು ಒಂದು ಮಗ್ಗುಲಿಗೆ, ಮೃದಂಗ ಇನ್ನೊಂದಕ್ಕೆ, ತಂಬೂರಿಯ ಝೇಂಕಾರ ಇವೆಲ್ಲದರ ಹಿಂದೆ. ಒಂದು ಮೀಟರ್ ಅಗಲದ ಬಾರ್‌ನಲ್ಲಿ ವೇದಿಕೆ ಇಷ್ಟು ಹರಡಿಕೊಳ್ಳುವುದು ಕಷ್ಟ.

ರಿಸೀವರ್ ಒಂದಷ್ಟು ಆರೈಕೆ ಬೇಡುತ್ತದೆ, ನಿಜ. ಬಿಸಿಯಾಗುತ್ತದೆ, ಗಾಜಿನ ಬಾಗಿಲಿನ ಶೋಕೇಸ್‌ನಲ್ಲಿ ಮುಚ್ಚಿಡಬಾರದು. ವೈರ್ ಎಳೆಯಬೇಕು, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ತಪ್ಪದಂತೆ ಜೋಡಿಸಬೇಕು. ಹಲವು ರಿಸೀವರ್‌ಗಳ ಜೊತೆ ಪುಟ್ಟ ಮೈಕ್ ಬರುತ್ತದೆ. ಸೋಫಾದಲ್ಲಿ ತಲೆಯ ಮಟ್ಟಕ್ಕೆ ಅದನ್ನಿಟ್ಟರೆ ಕೋಣೆಯನ್ನು ತಾನೇ ಅಳೆದು ಧ್ವನಿ ಹೊಂದಿಸಿಕೊಳ್ಳುತ್ತದೆ. ಈ ಶ್ರಮ ವ್ಯರ್ಥವಲ್ಲ. ಸೌಂಡ್‌ಬಾರ್‌ನ ಬೋರ್ಡ್ ಸುಟ್ಟರೆ ಎಷ್ಟೋ ಸಲ ಇಡೀ ಬಾರೇ ಗುಜರಿಗೆ ಹೋಗುತ್ತದೆ. ರಿಸೀವರ್ ಕೈಕೊಟ್ಟರೆ ಅದೊಂದನ್ನು ಬದಲಿಸಿದರಾಯಿತು, ಸ್ಪೀಕರ್‌ಗಳು ದಶಕಗಳ ಕಾಲ ಬಾಳುತ್ತವೆ.

ಯಾವುದನ್ನೇ ತಂದರೂ ಗ್ರಾನೈಟ್ ನೆಲ, ಬೋಳು ಗೋಡೆಯ ಹಾಲ್‌ನಲ್ಲಿ ಸದ್ದು ಮಾರ್ದನಿಸಿ ಮಾತು ಕಲಸಿಹೋಗುತ್ತದೆ. ಸೋಫಾದ ಮುಂದೊಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ ಹಾಕಿ ನೋಡಿ. ಅಂಗಡಿಯಲ್ಲಿ ಅವರ ಅಬ್ಬರದ ಡೆಮೊ ಬೇಡವೆನ್ನಿ. ನಿಮಗೆ ಬಾಯಿಪಾಠವಾದ ಹಾಡನ್ನೂ ಮಾತೇ ಹೆಚ್ಚಿರುವ ಒಂದು ದೃಶ್ಯವನ್ನೂ ಫೋನ್‌ನಲ್ಲಿ ಒಯ್ದು, ರಾತ್ರಿ ಮಕ್ಕಳು ಮಲಗಿದ ಮೇಲೆ ಇಡುವಷ್ಟೇ ವಾಲ್ಯೂಮ್‌ನಲ್ಲಿ ಹಾಕಿಸಿ ಕೇಳಿ.