ಒಂದು ತಂತಿ, ಎರಡು ಫ್ಯೂಸು: ಈಕೋ ವ್ಯಾನನ್ನ ನಾವೇ ಕ್ಯಾಂಪರ್ ಮಾಡ್ಕೊಂಡ ಕಥೆ

ಇದು ಮೊನ್ನೆಯ ಮಾತಿನ ಬರಹ ರೂಪ. ವ್ಯಾನಿನ ಒಳಗೆ ಕೂತು ಒಂದು ಕೈಯಲ್ಲಿ ಕ್ಯಾಮೆರಾ ಹಿಡ್ಕೊಂಡು ಮಾತಾಡಿದ್ದರಿಂದ ವಿಡಿಯೋದಲ್ಲಿ ಲೆಕ್ಕಗಳೆಲ್ಲ ಓಡೋಡಿ ಹೋಗಿವೆ. ಇಲ್ಲಿ ಅದನ್ನೇ ನಿಧಾನಕ್ಕೆ ಬರೆದಿದ್ದೀನಿ, ಜೊತೆಗೆ ಅಲ್ಲಿ ಹೇಳೋಕೆ ಮರೆತಿದ್ದನ್ನೂ ಸೇರಿಸಿದ್ದೀನಿ.

ನಮ್ಮದು ಮಾರುತಿ ಈಕೋ, ಐದು ಸೀಟಿನದು. ಪುಣೆಯಲ್ಲಿ ಕೆಲಸ, ಊರು ದಾವಣಗೆರೆ. ಹಬ್ಬ ಬಂತು ಅಂದ್ರೆ ಬಸ್ಸಿನ ಟಿಕೆಟ್ ದರ ಏನಾಗತ್ತೆ ಅಂತ ಹೊರನಾಡಿನಲ್ಲಿ ಇರೋರಿಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ ಗಾಡಿ ತಗೊಂಡ್ವಿ, ಆಮೇಲೆ ಹಿಂದೆ ಜಾಗ ಇದೆಯಲ್ಲ ಅಂತ ಒಂದು ಹಾಸಿಗೆ, ಹಾಸಿಗೆ ಬಂದಮೇಲೆ ಒಂದು ಫ್ರಿಜ್, ಫ್ರಿಜ್ ಬಂದಮೇಲೆ ಎರಡನೇ ಬ್ಯಾಟರಿ. ಹೀಗೆ ಬೆಳೀತು.

ಆ ಎರಡನೇ ಬ್ಯಾಟರಿಯ ಕಥೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಇದರಲ್ಲಿ ನಾವು ಬದುಕಿ ಉಳಿದಿದ್ದು ಅದೃಷ್ಟದಿಂದ.

ವ್ಯಾನಿನ ಮುಖ್ಯ ಬ್ಯಾಟರಿಯಿಂದ ಹಿಂದಿನ ಬ್ಯಾಟರಿಗೆ ಒಂದು ದಪ್ಪ ತಂತಿ ಎಳೆದಿದ್ದೆ. ಎಂಜಿನ್ ಓಡ್ತಾ ಇರುವಾಗ ಹಿಂದಿನದು ಚಾರ್ಜ್ ಆಗಲಿ ಅಂತ. ಆಗ ಹಿಂದೆ ಇದ್ದದ್ದು ಹಳೇ ಲೆಡ್ ಆಸಿಡ್ ಬ್ಯಾಟರಿ. ಯೂಟ್ಯೂಬ್ ನೋಡಿ ಕಲಿತವನು ನಾನು, ಫ್ಯೂಸ್ ಹಾಕೋದನ್ನ ಮರೆತಿರಲಿಲ್ಲ. ಮುಖ್ಯ ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣು ದೂರದಲ್ಲಿ, ಸರಿಯಾಗಿ ಫ್ಯೂಸ್ ಇತ್ತು. ಒಂದು ತಂತಿಗೆ ಒಂದು ಫ್ಯೂಸು, ಲೆಕ್ಕ ಸರಿ ಅಂದ್ಕೊಂಡಿದ್ದೆ.

ಗಣೇಶನ ಹಬ್ಬಕ್ಕೆ ಊರಿಗೆ ಹೊರಟಿದ್ವಿ. ಖಂಬಾಟ್ಕಿ ಘಾಟ್ ಹತ್ತೋ ಹೊತ್ತಿಗೆ ಹಿಂದಿನ ಸೀಟಲ್ಲಿದ್ದ ಅಮ್ಮ, "ಏನೋ ಸುಟ್ಟ ವಾಸನೆ ಕಣೋ" ಅಂದ್ರು. ಮುಂದಿರೋ ಲಾರಿಯ ಕ್ಲಚ್ ಪ್ಲೇಟ್ ಇರಬೇಕಮ್ಮ ಅಂತ ನಾನು. ಎರಡು ನಿಮಿಷಕ್ಕೆ ಕಾರ್ಪೆಟ್ ಕೆಳಗಿಂದ ಬಿಳಿ ಹೊಗೆ. ಬದಿಗೆ ನಿಲ್ಲಿಸಿ, ಅಮ್ಮನನ್ನ ಇಳಿಸಿ, ಎಂಜಿನ್ ಆಫ್ ಮಾಡಿದ್ರೂ ಹೊಗೆ ನಿಲ್ಲಲಿಲ್ಲ. ಡೋರಿನ ಜೇಬಲ್ಲಿ 10ರ ಸ್ಪ್ಯಾನರ್ ಇತ್ತು. ಹಿಂದಿನ ಬ್ಯಾಟರಿಯ ಮೈನಸ್ ಬಿಚ್ಚಿ ಎಳೆದ ಮೇಲೆ ನಿಂತಿತು. ಸ್ಪ್ಯಾನರ್ ಟೂಲ್ ಬಾಕ್ಸಿನಲ್ಲಿ, ಟೂಲ್ ಬಾಕ್ಸ್ ಹಾಸಿಗೆ ಕೆಳಗೆ, ಹಾಸಿಗೆ ಮೇಲೆ ಸೂಟ್‌ಕೇಸ್ ಇದ್ದಿದ್ರೆ ಏನಾಗ್ತಿತ್ತು ಅಂತ ಈಗಲೂ ಯೋಚನೆ ಬರತ್ತೆ.

ಆಗಿದ್ದು ಇಷ್ಟೇ. ಸೀಟಿನ ಕೆಳಗೆ ತಗಡಿನ ಅಂಚಿಗೆ ತಂತಿ ತಾಗ್ತಾ ಇತ್ತು. ಗಾಡಿ ಅಲುಗಾಡಿ ಅಲುಗಾಡಿ ಮೇಲಿನ ಪ್ಲಾಸ್ಟಿಕ್ ಸವೆದು, ಒಳಗಿನ ತಾಮ್ರ ಬಾಡಿಗೆ ತಾಗಿತು. ಮುಂದಿನ ಫ್ಯೂಸ್ ತನ್ನ ಕೆಲಸ ಮಾಡಿ ತಕ್ಷಣ ಹಾರಿಹೋಗಿತ್ತು. ಆದರೆ ಆ ತಂತಿಯ ಇನ್ನೊಂದು ತುದಿಯಲ್ಲೂ ಒಂದು ಬ್ಯಾಟರಿ ಕೂತಿತ್ತಲ್ಲ! ಅದು ಅಲ್ಲಿಂದ ನೂರಾರು ಆಂಪಿಯರ್ ಕರೆಂಟನ್ನ ಆ ತಾಗಿದ ಜಾಗಕ್ಕೆ ಸುರೀತಾನೇ ಇತ್ತು. ಅದನ್ನ ತಡೆಯೋಕೆ ಅಲ್ಲಿ ಯಾರೂ ಇರಲಿಲ್ಲ.

ವಾಪಸ್ ಬಂದಮೇಲೆ ಪುಣೆಯ ನಾನಾ ಪೇಟೆಯಲ್ಲಿ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಕಾಕಾಗೆ ಸುಟ್ಟ ತಂತಿ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಹಾ ಫ್ಯೂಜ್ ಕುಣಾಸಾಠಿ?" ಅಂದ್ರೆ ಈ ಫ್ಯೂಸ್ ಯಾರಿಗೋಸ್ಕರ? ಬ್ಯಾಟರಿಗೆ ಅಂದೆ. ತಲೆ ಅಲ್ಲಾಡಿಸಿದ್ರು. ಫ್ರಿಜ್‌ಗೆ? ಅದೂ ಅಲ್ಲ. ಫ್ಯೂಸ್ ಇರೋದು ತಂತಿಗೋಸ್ಕರ. ತಂತಿ ತಡೆಯೋದಕ್ಕಿಂತ ಜಾಸ್ತಿ ಕರೆಂಟ್ ಬಂದ್ರೆ ತಂತಿ ಸುಡೋ ಮುಂಚೆ ತಾನು ಸುಟ್ಟುಹೋಗೋದು ಅದರ ಕೆಲಸ. ಹಾಗಾಗಿ ಕರೆಂಟ್ ಎಲ್ಲಿಂದ ಹುಟ್ಟತ್ತೋ ಅಲ್ಲಿಗೆ ಹತ್ತಿರದಲ್ಲಿ ಫ್ಯೂಸ್ ಇರಬೇಕು, ಎರಡು ಬ್ಯಾಟರಿ ಸೇರಿಸೋ ತಂತಿಗೆ ಎರಡೂ ತುದಿಯಲ್ಲಿ ಇರಬೇಕು. ನಾವು ಸಾಫ್ಟ್‌ವೇರಿನವರು ಎಲ್ಲದಕ್ಕೂ ಬ್ಯಾಕಪ್ ಇಡ್ತೀವಿ, ಆ ಬ್ಯಾಕಪ್ಪೇ ತಿರುಗಿ ಬೀಳಬಹುದು ಅನ್ನೋದು ಮಾತ್ರ ನನಗೆ ಹೊಳೆದಿರಲಿಲ್ಲ.

ಈಗ ತಂತಿಯ ದಪ್ಪ. ಮನೆಯ 230 ವೋಲ್ಟಿನ ಅಂದಾಜು ಇಲ್ಲಿ ನಡೆಯಲ್ಲ. ಮನೆಯಲ್ಲಿ 240 ವಾಟಿನ ಸಾಮಾನಿಗೆ ಒಂದು ಆಂಪಿಯರ್ ಸಾಕು, 12 ವೋಲ್ಟಿನಲ್ಲಿ ಅದೇ 240 ವಾಟಿಗೆ 20 ಆಂಪಿಯರ್ ಬೇಕು. ಮನೆ ವೈರಿಂಗಿನ 2.5 ಚದರ ಮಿಲಿಮೀಟರ್ ತಂತಿ ತಗೊಂಡ್ರಿ ಅನ್ಕೊಳ್ಳಿ. ಒಂದು ಮೀಟರಿಗೆ ಅದರ ರೆಸಿಸ್ಟೆನ್ಸ್ ಸುಮಾರು 8 ಮಿಲಿ ಓಮ್. ಮುಂದಿನಿಂದ ಹಿಂದಕ್ಕೆ 4 ಮೀಟರ್, ಹೋಗಿಬರೋದು ಸೇರಿ 8 ಮೀಟರ್, ಒಟ್ಟು 64 ಮಿಲಿ ಓಮ್. ಅದರಲ್ಲಿ 20 ಆಂಪಿಯರ್ ಹರಿದ್ರೆ ದಾರಿಯಲ್ಲೇ 1.28 ವೋಲ್ಟ್ ಹೋಯ್ತು. ಅಂದ್ರೆ ಹತ್ತರಲ್ಲಿ ಒಂದು ಭಾಗ ತಂತಿಯನ್ನ ಬಿಸಿ ಮಾಡೋಕೆ ಖರ್ಚು, ಫ್ರಿಜ್ "ಬ್ಯಾಟರಿ ಲೋ" ಅಂತ ನಿಂತುಬಿಡತ್ತೆ. ಬ್ಯಾಟರಿ ನೋಡಿದ್ರೆ ತುಂಬಿದೆ! ಎಷ್ಟೋ ಜನ ಇದಕ್ಕೇ ಹೊಸ ಬ್ಯಾಟರಿ ತಂದುಬಿಡ್ತಾರೆ. 6 ಚದರ ಮಿಲಿಮೀಟರ್ ತಂತಿ ಹಾಕಿದ್ರೆ ಆ ನಷ್ಟ ಅರ್ಧ ವೋಲ್ಟಿನ ಹತ್ತಿರಕ್ಕೆ ಇಳಿಯತ್ತೆ.

ಇನ್ನೊಂದು ಮಾತು. ಮನೆ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಸುಮ್ನೆ ಬಿದ್ದಿದೆ, ಅದನ್ನೇ ಇಡೋಣ ಅಂತ ಆಸೆ ಆಗತ್ತೆ. ಬೇಡ. ಅದರ ತೂಕ ಒಂದು ಕಡೆ, ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡತ್ತೆ, ಘಾಟಿನ ತಿರುವಿನಲ್ಲಿ ಆಸಿಡ್ ಚೆಲ್ಲತ್ತೆ. ಮಲಗೋ ಜಾಗದ ಕೆಳಗೆ ಇಡೋ ವಸ್ತು ಅಲ್ಲ ಅದು. ನಾವು ಈಗ ಇಟ್ಟಿರೋದು 100 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟು. ಅಂದ್ರೆ 1280 ವಾಟ್ ಅವರ್. ಫ್ರಿಜ್ ಗಂಟೆಗೆ ಸರಾಸರಿ 2 ಆಂಪಿಯರ್ ಅಂದ್ರೂ ದಿನಕ್ಕೆ 48, ಬಿಎಲ್‌ಡಿಸಿ ಫ್ಯಾನು ದೀಪ ಸೇರಿ ಇನ್ನೊಂದು ಹದಿನೈದು. ಒಂದೂವರೆ ದಿನ ಎಂಜಿನ್ ಸ್ಟಾರ್ಟ್ ಮಾಡದೇ ಇರಬಹುದು. ಲ್ಯಾಪ್‌ಟಾಪಿಗೆ ಇನ್ವರ್ಟರ್ ಹಾಕಬೇಡಿ. 12ನ್ನ 230 ಮಾಡಿ, ಮತ್ತೆ ಅಡಾಪ್ಟರಿನಲ್ಲಿ 20ಕ್ಕೆ ಇಳಿಸಿ, ಎರಡೂ ಕಡೆ ನಷ್ಟ. 12 ವೋಲ್ಟಿನಿಂದ ನೇರ ಟೈಪ್ ಸಿ ಕೊಡೋ 65 ವಾಟಿನ ಕಾರ್ ಚಾರ್ಜರ್ ಸಾಕು, ಶುಕ್ರವಾರದ ಸ್ಟ್ಯಾಂಡ್‌ಅಪ್ ಕಾಲ್ ಸಂಕೇಶ್ವರದ ಹೋಟೆಲ್ ಮುಂದೆ ನಿಂತು ಮುಗಿಸಬಹುದು.

ಆದರೆ ಲಿಥಿಯಂ ಬ್ಯಾಟರಿಯನ್ನ ಆಲ್ಟರ್ನೇಟರಿಗೆ ನೇರವಾಗಿ ಕಟ್ಟಬಾರದು. ಅದು ಎಷ್ಟು ಕೊಟ್ಟರೂ ಕುಡಿಯೋ ಜಾತಿ. ಟ್ರಾಫಿಕ್ಕಿನಲ್ಲಿ ಎಂಜಿನ್ ನಿಧಾನಕ್ಕೆ ತಿರುಗುವಾಗ ಆಲ್ಟರ್ನೇಟರಿನ ತಂಪು ಕಡಿಮೆ, ಎಳೆಯೋ ಕರೆಂಟ್ ಜಾಸ್ತಿ, ಕಾಯಿಲ್ ಸುಡತ್ತೆ. ಮಧ್ಯೆ ಒಂದು ಡಿಸಿ ಟು ಡಿಸಿ ಚಾರ್ಜರ್ ಇದ್ರೆ ಅದು 20 ಆಂಪಿಯರಿಗೆ ಹಿಡಿದು ನಿಲ್ಲಿಸತ್ತೆ. ಪುಣೆ ಬಿಟ್ಟು ಐದು ಗಂಟೆ ಓಡಿಸಿದ್ರೆ ಖಾಲಿ ಬ್ಯಾಟರಿಯೂ ತುಂಬತ್ತೆ, ಅಷ್ಟು ಸಾಕು. ದೆಹಲಿಯಲ್ಲಿರೋರಿಗೆ ಮಾತ್ರ ಒಂದು ಎಚ್ಚರಿಕೆ: ಸ್ಪಿತಿ, ಲಡಾಖ್ ಕಡೆ ಹೋಗೋದಾದ್ರೆ ಈ ಬ್ಯಾಟರಿಯನ್ನ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಒಳಗೆ ಕೆಡತ್ತೆ. ಚಳಿಯಲ್ಲಿ ಚಾರ್ಜ್ ತಾನೇ ನಿಲ್ಲಿಸೋ ಬಿಎಂಎಸ್ ಇದೆಯಾ ಅಂತ ಕೇಳಿ ತಗೊಳ್ಳಿ.

ಸಾಮಾನು ಎಲ್ಲಿ ಸಿಗತ್ತೆ? ಪುಣೆಯಲ್ಲಿ ಬುಧವಾರ ಪೇಟೆಯ ತಪಕೀರ್ ಗಲ್ಲಿ, ಮುಂಬೈಯಲ್ಲಿ ಲ್ಯಾಮಿಂಗ್ಟನ್ ರೋಡ್, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ಹೈದರಾಬಾದಿನಲ್ಲಿ ಕೋಟಿಯ ಗುಜರಾತಿ ಗಲ್ಲಿ, ದೆಹಲಿಯಲ್ಲಿ ಲಾಜಪತ್ ರಾಯ್ ಮಾರ್ಕೆಟ್. ತಂತಿ ತಗೊಳ್ಳುವಾಗ ತುದಿ ಕತ್ತರಿಸಿ ಒಳಗೆ ತಾಮ್ರ ಇದೆಯಾ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇದೆಯಾ ನೋಡಿ. ಕೆರೆದರೆ ಬೆಳ್ಳಗೆ ಕಂಡ್ರೆ ವಾಪಸ್ ಕೊಡಿ. ಲಗ್ ಹಾಕುವಾಗ ಬೆಸುಗೆಯನ್ನೇ ನಂಬಿ ಕೂರಬೇಡಿ, ಸರಿಯಾದ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿಸಿ. ಅಲುಗಾಟಕ್ಕೆ ಬೆಸುಗೆ ಮುಗಿಯೋ ಜಾಗದಲ್ಲೇ ಎಳೆಗಳು ಮುರೀತವೆ. ತಗಡಿನ ತೂತಿನಲ್ಲಿ ತಂತಿ ದಾಟೋ ಕಡೆಯೆಲ್ಲ ರಬ್ಬರ್ ಗ್ರೋಮೆಟ್. ಬೆಲೆ ಚಿಲ್ಲರೆ ಕಾಸು, ನನ್ನ ಕಥೆಯಲ್ಲಿ ಇಲ್ಲದೇ ಇದ್ದದ್ದು ಅದೇ.

ಇನ್ನು ಮರಗೆಲಸ. ಇದರಲ್ಲಿ ಎಲ್ಲರೂ ಮಾಡೋ ತಪ್ಪು ತೂಕದ್ದು. 18 ಮಿಲಿಮೀಟರ್ ಪ್ಲೈವುಡ್, ಎಂಟಡಿ ನಾಲ್ಕಡಿಯ ಒಂದು ಹಾಳೆ ಮೂವತ್ತು ಕಿಲೋ ದಾಟತ್ತೆ. ಮೂರು ಹಾಳೆ ಹಾಕಿದ್ರಿ ಅಂದ್ರೆ ಒಬ್ಬ ದಪ್ಪನೆಯ ಮಾವನನ್ನ ಸದಾ ಕೂರಿಸ್ಕೊಂಡು ಓಡಾಡಿದ ಹಾಗೆ. ಹಾಸಿಗೆಗೆ 12 ಮಿಲಿಮೀಟರ್ ಸಾಕು, ಕೆಳಗೆ ಅಲ್ಯೂಮಿನಿಯಂ ಚೌಕಟ್ಟು ಕೊಡಿ. ಐಎಸ್ 710 ಅಂತ ಮುದ್ರೆ ಇರೋ ಮರೀನ್ ಪ್ಲೈ ತಗೊಳ್ಳಿ, ಐಎಸ್ 303 ಬೇಡ. ಯಾಕೆ ಅಂದ್ರೆ ನೀರು ಹೊರಗಿನಿಂದ ಮಾತ್ರ ಬರಲ್ಲ. ಮುಚ್ಚಿದ ವ್ಯಾನಿನಲ್ಲಿ ಇಬ್ಬರು ಒಂದು ರಾತ್ರಿ ಮಲಗಿದ್ರೆ ಉಸಿರು, ಬೆವರಿನಿಂದಲೇ ಅರ್ಧ ಲೀಟರಿನ ಹತ್ತಿರ ನೀರು ಗಾಳಿಗೆ ಸೇರತ್ತೆ. ಬೆಳಗಿನ ಜಾವ ತಣ್ಣಗಿನ ತಗಡಿಗೆ ಅದು ಹನಿಯಾಗಿ ಕೂತು, ಹಾಸಿಗೆಯ ಅಡಿಗೆ ಇಳಿದು ಬೂಷ್ಟು ಹಿಡಿಯತ್ತೆ. ಎರಡು ಕಡೆ ಕಿಟಕಿ ಎರಡು ಬೆರಳು ತೆಗೆದು ಸೊಳ್ಳೆ ಪರದೆ ಹಾಕಿದ್ರೆ ಅರ್ಧ ಸಮಸ್ಯೆ ಅಲ್ಲೇ ಹೋಯ್ತು.

ಮಳೆ ನೀರು ಸೋರೋದನ್ನ ಹುಡುಕೋಕೆ ಒಂದು ಕ್ರಮ ಇದೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು, ಇನ್ನೊಬ್ಬರು ಹೊರಗೆ ಪೈಪು ಹಿಡಿದು ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದು ನಿಮಿಷ ನೀರು ಬಿಡಬೇಕು. ಮೇಲಿನಿಂದ ಶುರು ಮಾಡಿದ್ರೆ ಎಲ್ಲ ಕಡೆ ಒದ್ದೆ ಆಗಿ ಎಲ್ಲಿಂದ ಅಂತ ಗೊತ್ತಾಗಲ್ಲ. ಹನಿ ಕಂಡ ಜಾಗವೇ ತೂತಿನ ಜಾಗ ಅಂತ ನಂಬಬೇಡಿ, ನೀರು ತಗಡಿನ ಬೆನ್ನಿಗೆ ಅಂಟಿಕೊಂಡು ಒಂದು ಮೊಳ ಓಡಿ ಬಂದು ಆಮೇಲೆ ಬೀಳತ್ತೆ. ಮುಚ್ಚೋಕೆ ವಿನೆಗರ್ ವಾಸನೆಯ ಬಾತ್‌ರೂಮ್ ಸಿಲಿಕೋನ್ ಬಳಸಬೇಡಿ, ಬರೀ ಕಬ್ಬಿಣಕ್ಕೆ ಅದು ತುಕ್ಕು ಹಿಡಿಸತ್ತೆ. ಗಾಜು ಕೂರಿಸೋರು ಬಳಸೋ ಪಾಲಿಯುರೆಥೇನ್ ಸೀಲೆಂಟ್ ಕೇಳಿ.

ಕಾನೂನಿನ ಬಗ್ಗೆ ಚುಟುಕಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅಂತ ಬೇರೆ ವರ್ಗವೇ ಇದೆ, ಆದರೆ ಅದಕ್ಕೆ ಆರ್‌ಟಿಒ ಒಪ್ಪಿಗೆಯ ದಾರಿ ಹಿಡಿಯಬೇಕು. ಅದಕ್ಕೇ ನಾವು ಛಾವಣಿ ಕೊರೆದಿಲ್ಲ, ಸೀಟು ಬೆಲ್ಟು ಮುಟ್ಟಿಲ್ಲ, ಮಾಡಿದ್ದೆಲ್ಲ ಎತ್ತಿ ಹೊರಗಿಡಬಹುದಾದ ಪೆಟ್ಟಿಗೆಗಳು. ಪಟ್ಟಿ ಹಾಕಿ ಬಿಗಿದು ಕಟ್ಟಿದ ಲಗೇಜು ಅಷ್ಟೇ. ಹಾಗೇ ಕೆಎ ನಂಬರಿನ ಗಾಡಿಯನ್ನ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಕೊಂಡ್ರೆ ಅಲ್ಲಿ ಮತ್ತೆ ನೋಂದಣಿ ಮಾಡಿಸಬೇಕು ಅನ್ನೋದೂ ನೆನಪಿರಲಿ.

ಅಡುಗೆಯ ವಿಷಯ ಕೊನೆಗೆ ಇಟ್ಟಿದ್ದೀನಿ, ಇದರಲ್ಲಿ ನನ್ನದು ಹಠ. ವ್ಯಾನಿನ ಒಳಗೆ ಒಲೆ ಹಚ್ಚಲ್ಲ. ಮಳೆ ಬಂದ್ರೂ ಹಿಂದಿನ ಬಾಗಿಲು ಎತ್ತಿ ಅದರ ಕೆಳಗೆ, ಹೊರಗಡೆ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತುಹೋಗಿದ್ರು, ಕಾರಣ ಜನರೇಟರಿನಿಂದ ಒಳಗೆ ತುಂಬಿದ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟ್ಕೊಳ್ಳತ್ತೆ. ತಲೆನೋವು, ಮಂಪರು, ನಿದ್ದೆ, ಅಷ್ಟೇ. ಎಂಜಿನ್ ಆನ್ ಇಟ್ಟು ಎಸಿ ಹಾಕ್ಕೊಂಡು ಮಲಗೋದೂ ಇದೇ ಸಾಲಿಗೆ ಸೇರತ್ತೆ, ಈಕೋದಲ್ಲಂತೂ ಎಂಜಿನ್ ಇರೋದೇ ಮುಂದಿನ ಸೀಟಿನ ಕೆಳಗೆ. ಬ್ಯಾಟರಿಯಲ್ಲಿ ಓಡೋ ಸಿಒ ಅಲಾರಂ ಒಂದು ತಲೆದಿಂಬಿನ ಎತ್ತರದಲ್ಲಿ ಇದೆ ನಮ್ಮಲ್ಲಿ. ಗ್ಯಾಸ್ ಸಿಲಿಂಡರ್ ಸೋರಿದ್ರೆ ಅದು ಬೇರೆ ಕಥೆ, ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ನಿಂತು ಕಿಡಿಗೆ ಕಾಯತ್ತೆ. ಹಾಗಾಗಿ ಅದರ ಅಲಾರಂ ಇಡೋದಾದ್ರೆ ಕೆಳಗೆ ಇಡಬೇಕು. ನಾವು ಸಿಲಿಂಡರನ್ನೇ ಬಿಟ್ಟು ಚಿಕ್ಕ ಕ್ಯಾನಿಸ್ಟರ್ ಒಲೆಗೆ ಬಂದಿದ್ದೀವಿ, ಅದನ್ನೂ ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಲ್ಲ.

ಈಗ ಎರಡೂ ತುದಿಯಲ್ಲಿ 40 ಆಂಪಿಯರಿನ ಫ್ಯೂಸು, ಹಿಂದಿನ ಬ್ಯಾಟರಿಯ ಪಕ್ಕದಲ್ಲೇ ಕೈಯಲ್ಲಿ ತಿರುಗಿಸೋ ಕಟ್‌ಆಫ್ ಸ್ವಿಚ್ಚು. ಅದು ಎಲ್ಲಿದೆ, ಯಾವ ಕಡೆಗೆ ತಿರುಗಿಸಬೇಕು ಅಂತ ಅಮ್ಮನಿಗೂ ತೋರಿಸಿದ್ದೀನಿ. ಡೋರಿನ ಜೇಬಿನಲ್ಲಿ 10ರ ಸ್ಪ್ಯಾನರ್ ಹಾಗೇ ಇದೆ. ಎಡಗಡೆ ಜಾರುವ ಬಾಗಿಲಿನ ಮೇಲಿನ ಹಳಿಯಲ್ಲಿ ಇನ್ನೂ ಎಲ್ಲೋ ಸೋರತ್ತೆ, ಈ ಭಾನುವಾರ ಪೈಪು ಹಿಡೀಬೇಕು.