ಗುಂಡಿಗೊಂದು ಬಣ್ಣದ ಟೋಪಿ

ಸಂಕ್ರಾಂತಿಗೆ ಮನೆಯಲ್ಲೇ ಸಕ್ಕರೆ ಅಚ್ಚು ಹೊಯ್ಯುವವರು ನೀವಾಗಿದ್ದರೆ, ಇಂದು ನಾನು ಹೇಳಹೊರಟಿರುವ ಕೆಲಸ ನಿಮಗೆ ಅರ್ಧ ಬಂದ ಹಾಗೆಯೇ. ಉಳಿದರ್ಧದಲ್ಲಿ ಮಾತ್ರ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು. ಅದಕ್ಕೇ ಈ ಲೇಖನ.

ನಿಮ್ಮ ಮನೆಯಲ್ಲೂ ಕಂಪ್ಯೂಟರ್ ಮುಂದೆ ಕೂತು ಆಟವಾಡುವ ಮಗನೋ ಮಗಳೋ ಇರಬಹುದು. ಬಲಗೈಯಲ್ಲಿ ಮೌಸ್, ಎಡಗೈ ಕೆಳಗೆ ಇಪ್ಪತ್ತು-ಮೂವತ್ತು ಗುಂಡಿಗಳ ಒಂದು ಪುಟ್ಟ ಮಣೆ. ಅದೇ ಗೇಮಿಂಗ್ ಕೀಪ್ಯಾಡ್. ಸದಾ ಒತ್ತುವ ನಾಲ್ಕಾರು ಗುಂಡಿಗಳು ಬೇಗ ಸವೆದು, ಅಕ್ಷರ ಅಳಿಸಿ, ಎಣ್ಣೆ ಹಚ್ಚಿದಂತೆ ಮಿರುಗತೊಡಗುತ್ತವೆ. ನನ್ನ ಮಗ ಹೊಸದೇ ಬೇಕೆಂದ. "ಗುಂಡಿ ಸವೆದರೆ ಯಾರಾದರೂ ಅಂಗಿಯನ್ನೇ ಎಸೀತಾರೇನೋ?" ಅಂದೆ. ಆಗ ಅವನೇ ತೋರಿಸಿದ: ಗುಂಡಿಯ ಮೇಲಿನ ಟೋಪಿಯನ್ನಷ್ಟೇ ಕಳಚಿ ಬೇರೆ ಹಾಕಬಹುದು! ಕೈಯಲ್ಲಿ ಮಾಡಿದ ಬಣ್ಣದ ಟೋಪಿಗಳೂ ಸಿಗುತ್ತವೆ, ಆದರೆ ಕೆಲವು ಒಂದೊಂದಕ್ಕೇ ಸಾವಿರಗಟ್ಟಲೆ ಬೆಲೆ. ನಾವೇ ಯಾಕೆ ಮಾಡಬಾರದು ಅನ್ನಿಸಿತು.

ಮೊದಲು ಒಂದು ಟೋಪಿಯನ್ನು ನೇರವಾಗಿ ಮೇಲಕ್ಕೆತ್ತಿ ಕಳಚಿ ನೋಡಿ. ಕೆಳಗೆ ಕೂಡುವ ಗುರುತಿನ ಆಕಾರದ ಪುಟ್ಟ ಕಡ್ಡಿ ಕಂಡರೆ ನಿಮ್ಮ ಕೆಲಸ ಸುಲಭ. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂ.ಎಕ್ಸ್. ಸ್ವಿಚ್ಚಿನ ರೂಪ ಅದು. ಬೇರೆ ಹಲವರೂ ಅದನ್ನೇ ಅನುಸರಿಸುವುದರಿಂದ ತಯಾರಾದ ಅಚ್ಚುಗಳು ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತವೆ. ಎಲ್ಲ ಕೀಪ್ಯಾಡಿನಲ್ಲೂ ಈ ಕಡ್ಡಿ ಇರುವುದಿಲ್ಲ. ಬೇರೆ ಆಕಾರವಿದ್ದರೆ ಹಳೆಯ ಟೋಪಿಯಿಂದಲೇ ಅಚ್ಚು ತೆಗೆಯಬೇಕು.

ಅಚ್ಚು ಮಾಡುವ ಬಗೆ ಹೀಗೆ. ಟೋಪಿಯೊಳಗಿನ ಟೊಳ್ಳಿಗೆ ಮೆತ್ತನೆಯ ಮಾಡೆಲಿಂಗ್ ಕ್ಲೇ ತುಂಬಿ, ಅದೇ ಕ್ಲೇ ಹಾಸಿನ ಮೇಲೆ ಕೂರಿಸಿ. ಹಾಸಿನಲ್ಲಿ ಪೆನ್ಸಿಲ್ ತುದಿಯಿಂದ ಮೂರು-ನಾಲ್ಕು ಕುಳಿ ಒತ್ತಿ. ಸುತ್ತ ರಟ್ಟಿನ ಗೋಡೆ ಕಟ್ಟಿ ಅಚ್ಚಿನ ಸಿಲಿಕೋನ್ ಹೊಯ್ಯಿರಿ. ಗಂಧಕವಿರುವ ಕ್ಲೇ ತಾಗಿದರೆ ಕೆಲವು ಸಿಲಿಕೋನ್ ಗಟ್ಟಿಯಾಗುವುದೇ ಇಲ್ಲ. ಕೊಳ್ಳುವಾಗ ಕೇಳಿ ತನ್ನಿ. ಗಟ್ಟಿಯಾದ ಮೇಲೆ ಮಗುಚಿ, ಟೋಪಿಯನ್ನು ಅಲ್ಲೇ ಬಿಟ್ಟು ಕ್ಲೇ ಮಾತ್ರ ತೆಗೆಯಿರಿ. ಸಿಲಿಕೋನ್ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ, ಇಲ್ಲದಿದ್ದರೆ ಎರಡೂ ಅಂಟಿಕೊಂಡಾವು! ಈಗ ಎರಡನೆಯ ಅರ್ಧ ಹೊಯ್ಯಿರಿ. ಸಕ್ಕರೆ ಅಚ್ಚಿನ ಮರದ ಜೋಡಿಯಂತೆ ಎರಡು ಭಾಗ ಸಿದ್ಧ. ಆ ಕುಳಿಗಳೇ ಭಾಗಗಳು ಜರುಗದಂತೆ ಕಾಯುತ್ತವೆ.

ಇನ್ನು ಎಪಾಕ್ಸಿ ರೆಸಿನ್. ಎರಡು ಬಾಟಲಿ: ಒಂದು ರೆಸಿನ್, ಇನ್ನೊಂದು ಗಟ್ಟಿ ಮಾಡುವ ಹಾರ್ಡನರ್. ಕೆಲವಕ್ಕೆ ಸಮಪಾಲು, ಕೆಲವಕ್ಕೆ ಎರಡಕ್ಕೆ ಒಂದು. ಬಾಟಲಿಯ ಮೇಲೆ ಬರೆದದ್ದೇ ವೇದವಾಕ್ಯ. ಅಡುಗೆಯಂತೆ ಕಣ್ಣಳತೆ ಇಲ್ಲಿ ನಡೆಯದು. ಅಳತೆ ತಪ್ಪಿದರೆ ಎಷ್ಟು ದಿನ ಕಾದರೂ ಅಂಟಂಟು. ಒಂದು ಟೋಪಿಗೆ ಬೇಕಾಗುವುದು ಟೀ ಚಮಚಕ್ಕಿಂತ ಕಡಿಮೆ. ಅಷ್ಟು ಕೊಂಚವನ್ನು ಸರಿಯಾಗಿ ಅಳೆಯುವುದು ಕಷ್ಟ, ಆದ್ದರಿಂದ ನಾಲ್ಕೈದು ಟೋಪಿ ಒಟ್ಟಿಗೆ ಮಾಡಿ. ಮೂರು-ನಾಲ್ಕು ನಿಮಿಷ ನಿಧಾನವಾಗಿ ಕಲಸಿ, ಮಜ್ಜಿಗೆ ಕಡೆದ ಹಾಗೆ ಕಲಸಿದರೆ ಗುಳ್ಳೆ ತುಂಬುತ್ತದೆ. ಒಂದು ಚಿಟಿಕೆ ಬಣ್ಣದ ಪುಡಿಯನ್ನೋ, ಪುಸ್ತಕದೊಳಗೆ ಒತ್ತಿ ಚೆನ್ನಾಗಿ ಒಣಗಿಸಿದ ಹೂವನ್ನೋ ಸೇರಿಸಿ. ಹಸಿ ಹೂವು ಒಳಗೇ ಕಪ್ಪಾಗುತ್ತದೆ. ಅಚ್ಚಿಗೆ ಹೊಯ್ದು, ಮುಚ್ಚಿ, ಮೇಲೊಂದು ಹಗುರ ಭಾರವಿಟ್ಟು ಸಾಮಾನ್ಯವಾಗಿ ಒಂದು ದಿನ ಮುಟ್ಟಬೇಡಿ. ಮಳೆಗಾಲದ ತೇವದಲ್ಲಿ ಮೇಲ್ಮೈ ಮಬ್ಬಾಗುವುದುಂಟು, ಬಿಸಿಲಿನ ದಿನ ಆರಿಸಿಕೊಳ್ಳಿ.

ಈಗ ನನ್ನ ತಪ್ಪಿನ ಮಾತು. ರೆಸಿನ್ ಜೊತೆ ಕೈಗವಸು ಬಂದಿತ್ತು. "ಬಿಸಿ ಪಾಕ ಮುಟ್ಟಿದ ಕೈಗೆ ಇದೇನು ಮಹಾ" ಎಂದು ಪಕ್ಕಕ್ಕಿಟ್ಟೆ. ನಾಲ್ಕು ಸಲ ಏನೂ ಆಗಲಿಲ್ಲ. ಐದನೆಯ ಸಲ ಬೆರಳ ಸಂದುಗಳಲ್ಲಿ ತುರಿಕೆ, ಮರುದಿನ ನೀರು ತುಂಬಿದ ಗುಳ್ಳೆ, ಮೂರನೆಯ ದಿನ ಕಣ್ಣರೆಪ್ಪೆ ಊದಿತು. ಚರ್ಮದ ಡಾಕ್ಟರು ಹೇಳಿದ್ದು ಇಷ್ಟು: ಎಪಾಕ್ಸಿ ಒಮ್ಮೆ ಮೈಗೆ ಒಗ್ಗದೆ ಹೋದರೆ ಸಾಮಾನ್ಯವಾಗಿ ಜೀವನಪೂರ್ತಿ ಒಗ್ಗುವುದಿಲ್ಲ, ಮುಂದೆ ತುಸು ತಾಗಿದರೂ ಸಾಕು. ಒಲವಿನಿಂದ ಕಲಿತ ಕೆಲಸ ಅಂದೇ ನನ್ನ ಕೈತಪ್ಪಿತು.

ಆದ್ದರಿಂದ ಸೋದರಿಯರೇ, ನೈಟ್ರೈಲ್ ಕೈಗವಸು, ತುಂಬುತೋಳು, ತೆರೆದ ಕಿಟಕಿ, ಇವು ಇಲ್ಲದೆ ಬಾಟಲಿ ಬಿಚ್ಚಬೇಡಿ. ಅಡುಗೆಮನೆಯಲ್ಲಿ ಮಾಡಬೇಡಿ. ಇದಕ್ಕೆ ಬಳಸಿದ ಲೋಟ, ಚಮಚ ಮತ್ತೆ ಊಟಕ್ಕೆ ಬರಬಾರದು. ಕೈಗೆ ತಾಗಿದರೆ ಥಿನ್ನರ್ ಹಾಕಿ ಉಜ್ಜದೆ ಸೋಪು ನೀರಿನಲ್ಲಿ ತೊಳೆಯಿರಿ. ಮಿಕ್ಕಿದ್ದನ್ನು ಮೋರಿಗೆ ಸುರಿಯದೆ ಗಟ್ಟಿಯಾಗಲು ಬಿಟ್ಟು ಎಸೆಯಿರಿ. ಚಿಕ್ಕ ಮಕ್ಕಳನ್ನು ಹತ್ತಿರ ಬಿಡಬೇಡಿ.

ಅಚ್ಚಿನಿಂದ ಬಂದ ಟೋಪಿ ಪೂರ್ತಿ ಗಟ್ಟಿಯಾಗಲು ಇನ್ನೂ ಎರಡು-ಮೂರು ದಿನ ಬೇಕಾಗಬಹುದು. ಆಮೇಲೆ ಅಂಚನ್ನು ನೀರು ಹಚ್ಚಿದ ಎಮರಿ ಕಾಗದದಲ್ಲಿ, ಮೊದಲು 400, ಕೊನೆಗೆ 2000 ನಂಬರಿನಲ್ಲಿ ಉಜ್ಜಿ. ಒದ್ದೆಯಾಗಿದ್ದರೆ ದೂಳು ಹಾರದು, ಆದರೂ ಮೂಗಿಗೆ ಮಾಸ್ಕ್ ಇರಲಿ. ಕೂರಿಸುವಾಗ ಬಿಗಿಯಾದರೆ ಬಲವಂತ ಮಾಡಬೇಡಿ, ಕೆಳಗಿನ ಕಡ್ಡಿಯೇ ಮುರಿದೀತು. ಬೆರಳಿಗೆ ಗುರುತು ಸಿಗಬೇಕಾದ ಗುಂಡಿಯ ಮೇಲೆ ಹಲ್ಲುಕಡ್ಡಿಯಿಂದ ಒಂದು ಹನಿ ರೆಸಿನ್ ಇಡಿ. ಕೀಬೋರ್ಡಿನ ಎಫ್ ಮತ್ತು ಜೆ ಗುಂಡಿಗಳ ಮೇಲಿನ ಉಬ್ಬು ಇದ್ದ ಹಾಗೆ, ನೋಡದೆಯೇ ತಿಳಿಯುತ್ತದೆ.

ಈಗ ನಮ್ಮ ಮನೆಯಲ್ಲಿ ರೆಸಿನ್ ಕಲಸುವವನು ಮಗ. ಕೈಗವಸು ತೊಟ್ಟಿದ್ದಾನೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ನೋಡುವುದು, ಹಿತ್ತಲಿನ ಕೊತ್ತಂಬರಿ ಹೂ ಒಣಗಿಸಿ ಕೊಡುವುದು ನನ್ನ ಪಾಲು. ಮೊದಲೆಲ್ಲ ಆಟಕ್ಕೆ ಕೂತರೆ ಬಾಗಿಲು ಹಾಕಿಕೊಳ್ಳುತ್ತಿದ್ದ. ಮೊನ್ನೆ ಅವನೇ ಕರೆದ, "ಅಮ್ಮಾ, ಬಾ, ನಿನ್ನ ಹೂವಿನ ಗುಂಡಿ ಯಾವಾಗ ಒತ್ತಬೇಕು ಅಂತ ಹೇಳಿಕೊಡ್ತೀನಿ." ಒತ್ತಿದೆ. ಮೊದಲ ಆಟದಲ್ಲೇ ಸೋತೆ. ಆದರೆ ಗುಂಡಿ ಮಾತ್ರ ಬಲು ಚೆಂದ!